ಶ್ರೀಲಂಕಾಕ್ಕೆ ಹೋಗುವ ಮುಂಚೆ: ಏನು ಕೇಳಬಾರದು, ಯಾವ ದಿನ ಸುಮ್ನಿರಬೇಕು

ಬೆಂಗಳೂರಿನಿಂದ ಕೊಲಂಬೋಗೆ ವಿಮಾನದಲ್ಲಿ ಒಂದೂವರೆ ಗಂಟೆ ದಾರಿ. ಹತ್ತಿರ ಅಲ್ವಾ, ಜನ ನಮ್ಮ ಹಾಗೇ ಇರುತ್ತಾರೆ ಅಂದುಕೊಂಡು ಏನೂ ತಿಳಿಯದೆ ಹೊರಟುಬಿಡುತ್ತೇವೆ. ನಾನೂ ಹಾಗೇ ಹೋಗಿದ್ದೆ. ಬೋರ್ಡಿನ ಮೇಲಿನ ಸಿಂಹಳ ಅಕ್ಷರ ನಮ್ಮ ಕನ್ನಡದಷ್ಟೇ ದುಂಡಗೆ ಕಾಣುತ್ತೆ, ಓದೋಕೆ ಹೋದರೆ ಒಂದೂ ಹತ್ತುವುದಿಲ್ಲ. ಆ ದೇಶವೂ ಹೆಚ್ಚುಕಡಿಮೆ ಹಾಗೇ.

ಕೊಲಂಬೋದ ಪೆಟ್ಟಾ ಮಾರ್ಕೆಟ್‌ನಲ್ಲಿ ಒಬ್ಬ ಬಟ್ಟೆ ಅಂಗಡಿಯವರು ಚೆನ್ನಾಗಿ ತಮಿಳು ಮಾತಾಡುತ್ತಿದ್ದರು. ನಾನು ನನ್ನ ಬೆಂಗಳೂರು ತಮಿಳಿನಲ್ಲಿ, "ನೀವು ತಮಿಳರಾ? ಜಾಫ್ನಾದವರಾ?" ಅಂತ ಕೇಳಿದೆ. ಅವರು ಸರೋಂಗ್ ಮಡಚುತ್ತಲೇ "ಮುಸ್ಲಿಂ" ಅಂದರು. ಅಷ್ಟೇ, ಒಂದೇ ಮಾತು. ನಾನು ಭಾಷೆ ಕೇಳಿದರೆ ಇವರು ಧರ್ಮ ಹೇಳುತ್ತಾರಲ್ಲ ಅನ್ನಿಸಿತು. ಆಮೇಲೆ ಗೊತ್ತಾಯಿತು, ಅಲ್ಲಿ ಅದು ಧರ್ಮ ಮಾತ್ರ ಅಲ್ಲ, ಜನಾಂಗದ ಹೆಸರೂ ಹೌದು. ಮನೆಮಾತು ತಮಿಳಾದರೂ ಅವರು ತಮ್ಮನ್ನು ತಮಿಳರು ಅಂತ ಕರೆದುಕೊಳ್ಳುವುದಿಲ್ಲ. 1990ರ ಅಕ್ಟೋಬರ್‌ನಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಸರ್ಕಾರದ ಜೊತೆ ಯುದ್ಧ ಮಾಡುತ್ತಿದ್ದ ಎಲ್‌ಟಿಟಿಇ (ತಮಿಳು ಹುಲಿಗಳು) ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿತು. ಉತ್ತರದ ತುದಿಯ ಜಾಫ್ನಾದವರಿಗೆ ಕೊಟ್ಟ ಸಮಯ ಎರಡು ಗಂಟೆ. "ಜಾಫ್ನಾದವರಾ?" ಅಂತ ನಾನು ಎಂಥವರನ್ನು ಕೇಳಿಬಿಟ್ಟಿದ್ದೆ ನೋಡಿ.

ಅದಕ್ಕೇ ಮೊದಲು ಹೇಳುತ್ತೇನೆ, "ನೀವು ಯಾವ ಪೈಕಿ" ಅಂತ ಕೇಳುವ ನಮ್ಮ ಚಟವನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗಿ. ಊಹೆಯನ್ನೂ ಮಾಡಬೇಡಿ, ಯಾಕಂದರೆ ತಪ್ಪುವುದೇ ಜಾಸ್ತಿ. ಮುಕ್ಕಾಲು ಪಾಲು ಜನ ಸಿಂಹಳೀಯರು, ಅವರಲ್ಲಿ ಬಹಳಷ್ಟು ಜನ ಬೌದ್ಧರು. ಆದರೆ ವಿಮಾನ ಇಳಿದ ತಕ್ಷಣ ಸಿಗುವ ನೆಗೊಂಬೋದಲ್ಲಿ ಕ್ಯಾಥೊಲಿಕ್ ಕ್ರೈಸ್ತರೇ ತುಂಬಿದ್ದಾರೆ. ಇನ್ನು ನುವರ ಎಲಿಯ ಕಡೆ ಟೀ ತೋಟದಲ್ಲಿ ಕಾಣುವ ತಮಿಳರು ಜಾಫ್ನಾ ತಮಿಳರಲ್ಲ. ಬ್ರಿಟಿಷರು ತಮಿಳುನಾಡಿನಿಂದ ಕೂಲಿಗೆ ಕರೆದೊಯ್ದವರ ಮಕ್ಕಳು, ಮೊಮ್ಮಕ್ಕಳು. ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಕಾನೂನು ತಂದು ಅವರಿಗೆ ಪೌರತ್ವ ಇಲ್ಲದ ಹಾಗೆ ಮಾಡಿದರು. 1964ರಲ್ಲಿ ಎರಡೂ ದೇಶದ ಪ್ರಧಾನಿಗಳು ಮಾಡಿಕೊಂಡ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಮೇಲೆ ಲಕ್ಷಾಂತರ ಜನ ಭಾರತಕ್ಕೆ ವಾಪಸ್ ಬಂದರು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಇರುವ ತಮಿಳು ಕುಟುಂಬಗಳು ಅವರದ್ದೇ. ಆ ಕಡೆಯವರಿಗೆ ಈ ಕತೆ ಹೊಸದೇನಲ್ಲ.

ಭಾಷೆ ವಿಷಯ. ತಮಿಳು ಬರುತ್ತೆ ಅಂತ ಎಲ್ಲ ಆಟೋದವರ ಹತ್ತಿರ ತಮಿಳು ಶುರು ಮಾಡಬೇಡಿ. ಇಂಗ್ಲಿಷ್‌ನಲ್ಲಿ ಶುರು ಮಾಡಿ, ಅವರಾಗಿ ತಮಿಳಿಗೆ ಬಂದರೆ ನೀವೂ ಬನ್ನಿ. 1956ರಲ್ಲಿ ಸಿಂಹಳ ಒಂದೇ ಅಧಿಕೃತ ಭಾಷೆ ಅಂತ ಕಾನೂನು ಬಂದಲ್ಲಿಂದ ಜಗಳ ದೊಡ್ಡದಾಯಿತು. ಅಲ್ಲಿ ಭಾಷೆ ಅಂದರೆ ಬರೀ ಮಾತಲ್ಲ. ಯುದ್ಧದ ಸುದ್ದಿಯನ್ನೂ ನೀವಾಗಿ ತೆಗೆಯಬೇಡಿ. ಅವರೇ ತೆಗೆದರೆ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ. "ನಮ್ಮ ರಾಜೀವ್ ಗಾಂಧಿ", "ನಿಮ್ಮ ಪ್ರಭಾಕರನ್" (ಎಲ್‌ಟಿಟಿಇ ನಾಯಕ) ಅಂತೆಲ್ಲ ಬೇಡವೇ ಬೇಡ. ಎಲ್‌ಟಿಟಿಇಯ ಹುಲಿ ಲಾಂಛನ ಇರುವ ಟೀಶರ್ಟು, ಸ್ಟಿಕ್ಕರು ಇದ್ದರೆ ಮನೆಯಲ್ಲೇ ಇರಲಿ. ರಾವಣನ ಮೇಲೆ ಜೋಕು ಹೊಡೆಯುವ ಮುಂಚೆಯೂ ಸ್ವಲ್ಪ ನೋಡಿಕೊಳ್ಳಿ. 2019ರಲ್ಲಿ ಹಾರಿಸಿದ ತಮ್ಮ ಮೊದಲ ಉಪಗ್ರಹಕ್ಕೆ ಅವರು ಇಟ್ಟ ಹೆಸರೇ ರಾವಣ-1!

ಬುದ್ಧನ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. 2014ರಲ್ಲಿ ಬ್ರಿಟನ್ನಿನ ಒಬ್ಬ ನರ್ಸ್ ತೋಳಿನ ಮೇಲೆ ಬುದ್ಧನ ಹಚ್ಚೆ ಹಾಕಿಸಿಕೊಂಡಿದ್ದಾರೆ ಅಂತ ವಿಮಾನ ನಿಲ್ದಾಣದಲ್ಲೇ ಹಿಡಿದು, ದೇಶದಿಂದ ಹೊರಗೆ ಕಳಿಸಿದರು. ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಚಪ್ಪಲಿ, ಟೋಪಿ ತೆಗೆಯಬೇಕು, ಭುಜ ಮತ್ತು ಮಂಡಿ ಮುಚ್ಚಿರಬೇಕು. ಜಾಫ್ನಾದ ನಲ್ಲೂರು ಕಂದಸ್ವಾಮಿ ಕೋವಿಲ್‌ನಲ್ಲಿ ಉಲ್ಟಾ, ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು, ಧರ್ಮಸ್ಥಳದ ಹಾಗೆ.

ಟಿಕೆಟ್ ಬುಕ್ ಮಾಡುವಾಗಲೇ ಕ್ಯಾಲೆಂಡರ್ ನೋಡಿ. ಪ್ರತಿ ಹುಣ್ಣಿಮೆ ಪೋಯ ದಿನ, ರಜೆ, ಮದ್ಯ ಮಾರುವ ಹಾಗಿಲ್ಲ. ಅದು ಬರೀ ತೊಂದರೆ ಅಷ್ಟೇ. ಬೇರೆ ದಿನಗಳು ಭಾರ. ಮೇ 18ಕ್ಕೆ ಉತ್ತರದ ಮುಳ್ಳಿವಾಯ್ಕಾಲ್‌ನಲ್ಲಿ ತಮಿಳರು 2009ರಲ್ಲಿ ಯುದ್ಧದ ಕೊನೆಗೆ ಸತ್ತವರಿಗೆ ದೀಪ ಹಚ್ಚುತ್ತಾರೆ. ಜುಲೈ 23 ಅಂದರೆ 1983ರಲ್ಲಿ ತಮಿಳರ ಮೇಲೆ ನಡೆದ ಗಲಭೆಯ ನೆನಪು. ನವೆಂಬರ್ 27 ಎಲ್‌ಟಿಟಿಇಯ ಸತ್ತ ಹೋರಾಟಗಾರರ ದಿನ. ಆಗ ಉತ್ತರದಲ್ಲಿ ಪೊಲೀಸರು, ಸೈನಿಕರು ಜಾಸ್ತಿ ಇರುತ್ತಾರೆ. ಅಲ್ಲಿದ್ದರೆ ವಿಡಿಯೋ ಮಾಡಬೇಡಿ. ನಿಮಗೆ ಅದು ರೀಲ್ಸು, ಅದರಲ್ಲಿ ಮುಖ ಕಂಡವರಿಗೆ ನಾಳೆ ವಿಚಾರಣೆ. ಏಪ್ರಿಲ್ 21ಕ್ಕೆ ನೆಗೊಂಬೋದಲ್ಲಿದ್ದರೆ ಚರ್ಚ್‌ಗಳ ಮುಂದೆ ಸದ್ದು ಮಾಡದೆ ಹೋಗಿ. 2019ರ ಈಸ್ಟರ್ ದಿನ ಇಸ್ಲಾಮಿಕ್ ಉಗ್ರರು ಬಾಂಬ್ ಸಿಡಿಸಿ 250ಕ್ಕೂ ಹೆಚ್ಚು ಜನರನ್ನು ಕೊಂದರು, ಅದರಲ್ಲಿ ಆ ಊರಿನ ಒಂದು ಚರ್ಚಿನವರೂ ಬಹಳ ಜನ. ಮುಂದಿನ ತಿಂಗಳು, ಏನೂ ಮಾಡದ ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ಗುಂಪುಗಳು ಬಿದ್ದವು.

ಯುದ್ಧ ನಡೆದ ಉತ್ತರದ ಕಿಳಿನೊಚ್ಚಿ, ಮುಲ್ಲೈತೀವು ಕಡೆ ಕಾರು ನಿಲ್ಲಿಸಿ ಪೊದೆ ಹುಡುಕಿಕೊಂಡು ಮೂತ್ರಕ್ಕೆ ಹೋಗುವ ಅಭ್ಯಾಸ ಬೇಡ. ನೆಲಬಾಂಬ್ ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ಕೆಂಪು ಬೋರ್ಡು, ತಲೆಬುರುಡೆ ಚಿತ್ರ ಕಂಡರೆ ಅಲ್ಲೇ ನಿಲ್ಲಿ. ಬೋರ್ಡು ಕಾಣದಿದ್ದರೂ ಜನ ಓಡಾಡುವ ದಾರಿ ಬಿಡಬೇಡಿ.

ಅಕಸ್ಮಾತ್ ಗಲಾಟೆ ಶುರುವಾದರೆ? ಗುಂಪು ನೋಡೋಕೆ ಹೋಗಬೇಡಿ, ಬಾಲ್ಕನಿಗೂ ಬೇಡ. 2018ರ ಮಾರ್ಚ್‌ನಲ್ಲಿ ಕ್ಯಾಂಡಿ ಹತ್ತಿರ ಮುಸ್ಲಿಮರ ಮೇಲೆ ದಾಳಿ ನಡೆದಾಗ ಸರ್ಕಾರ ಫೇಸ್‌ಬುಕ್, ವಾಟ್ಸ್ಆ್ಯಪ್ ನಿಲ್ಲಿಸಿಬಿಟ್ಟಿತ್ತು. 2019ರಲ್ಲೂ ಅದೇ. ಹಾಗಾಗಿ ವಾಟ್ಸ್ಆ್ಯಪ್ ನಂಬಿಕೊಂಡು ಕೂರಬೇಡಿ. ಮಾಮೂಲಿ ಕಾಲ್ ಹೋಗುವ ಸ್ಥಳೀಯ ಸಿಮ್, ಇಂಟರ್ನೆಟ್ ಇಲ್ಲದೆಯೂ ತೆರೆಯುವ ಮ್ಯಾಪ್, ಎರಡು ದಿನಕ್ಕೆ ಸಾಕಾಗುವ ಶ್ರೀಲಂಕಾ ರೂಪಾಯಿ ನೋಟು ಇರಲಿ. ಭಾರತದ ಹೈಕಮಿಷನ್ ನಂಬರನ್ನು ಕಾಗದದ ಮೇಲೆ ಬರೆದಿಡಿ. ಪೊಲೀಸ್ 119, ಆಂಬುಲೆನ್ಸ್ 1990, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೋಟೆಲ್ ಕಾರ್ಡಿನ ಹಿಂದೆ ವಿಳಾಸವನ್ನು ಸಿಂಹಳ, ತಮಿಳು ಎರಡರಲ್ಲೂ ಬರೆಸಿಕೊಳ್ಳಿ.

ಕರ್ಫ್ಯೂ ಹಾಕಿದ ರಾತ್ರಿಯೇ ನಿಮ್ಮ ವಿಮಾನ ಇದ್ದರೆ ಗಾಬರಿ ಬೇಡ. ಹಿಂದಿನ ಕರ್ಫ್ಯೂಗಳಲ್ಲಿ ವಿಮಾನದ ಟಿಕೆಟ್ಟನ್ನೇ ಪಾಸ್ ಅಂತ ಒಪ್ಪಿಕೊಂಡಿದ್ದಾರೆ. ಆದರೂ ಹೊರಡುವ ಮುಂಚೆ ಹೋಟೆಲಿನವರ ಹತ್ತಿರ ಆ ದಿನದ ನಿಯಮ ಕೇಳಿಕೊಳ್ಳಿ. ಟಿಕೆಟ್ಟಿನ ಎರಡು ಪ್ರಿಂಟ್ ತೆಗೆಸಿ. ಒಂದು ಪಾಸ್‌ಪೋರ್ಟಿನ ಜೊತೆ ನಿಮ್ಮ ಕೈಯಲ್ಲಿರಲಿ, ಇನ್ನೊಂದು ಡ್ರೈವರ್‌ಗೆ, ಯಾಕಂದರೆ ನಿಮ್ಮನ್ನು ಇಳಿಸಿ ಅವನು ಅದೇ ಚೆಕ್‌ಪೋಸ್ಟ್‌ಗಳನ್ನು ದಾಟಿಕೊಂಡು ಒಬ್ಬನೇ ಮನೆಗೆ ಹೋಗಬೇಕು.