ಕೊಡೆ ಒಯ್ದ ದಿನ ಮಳೆ ಬರುವುದಿಲ್ಲವೇ?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಕಾಲೇಜು ಮಕ್ಕಳಿಗೆ ಭಾನುವಾರಗಳಂದು ಮನೋವಿಜ್ಞಾನ ಹೇಳಿಕೊಡುತ್ತೇನೆ. ಪಠ್ಯಗಳೆಲ್ಲ 1879ರಲ್ಲಿ ವಿಲ್‌ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ತೆರೆದ ಪ್ರಯೋಗಾಲಯದಿಂದ ಶುರುವಾಗುತ್ತವೆ. ಪರೀಕ್ಷೆಗೆ ಆ ಇಸವಿ ಬೇಕು, ಉರು ಹೊಡೆದರೆ ಸಾಕು. ನಾನು ಮಾತ್ರ ಹಲಗೆಯ ಮೇಲೆ 2, 4, 6 ಎಂದು ಬರೆದು ಆರಂಭಿಸುತ್ತೇನೆ.

ಈ ಮೂರೂ ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಒಪ್ಪುತ್ತವೆ. ನೀವೂ ಮೂರು ಮೂರು ಸಂಖ್ಯೆ ಕೇಳಿ ನಿಯಮ ಕಂಡುಹಿಡಿಯಿರಿ ಎನ್ನುತ್ತೇನೆ. 8, 10, 12? ಒಪ್ಪುತ್ತದೆ. 20, 22, 24? ಅದೂ ಒಪ್ಪುತ್ತದೆ. ‘ಎರಡೆರಡು ಕೂಡಿಸುವುದು!’ ಎಂದು ಕೈಗಳು ಏಳುತ್ತವೆ. ಅಲ್ಲ. ಏರುತ್ತ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ, ನಿಯಮ ಅಷ್ಟೇ. 1, 2, 50 ಎಂದು ಕೇಳಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ತಮ್ಮ ಊಹೆಯನ್ನೇ ಕೆಡವಬಲ್ಲ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವಿದು.

ಒಮ್ಮೆ ಒಬ್ಬ ಹುಡುಗಿ ತಕ್ಷಣ ತನ್ನದೊಂದು ಸಿದ್ಧಾಂತ ಮುಂದಿಟ್ಟಳು: ಕೊಡೆ ಒಯ್ದ ದಿನ ಮಳೆ ಬರುವುದಿಲ್ಲ, ಮರೆತ ದಿನ ಲೋಕಲ್ ರೈಲು ಠಾಣೆ ನಗರ ಮುಟ್ಟುವುದರೊಳಗೆ ಸುರಿಯುತ್ತದೆ. ಅಲ್ಲಾಡಿಸಲಾಗದ ನಂಬಿಕೆ! ಹಲಗೆಯ ಮೇಲೆ ನಾಲ್ಕು ಮನೆ ಗೀಚಿದೆ: ಕೊಡೆ ಇತ್ತು, ಮಳೆ ಬಂತು; ಕೊಡೆ ಇತ್ತು, ಮಳೆ ಬರಲಿಲ್ಲ; ಕೊಡೆ ಇರಲಿಲ್ಲ, ಮಳೆ ಬಂತು; ಎರಡೂ ಇಲ್ಲ. ಅವಳ ನೆನಪಿನಲ್ಲಿದ್ದವು ನಡುವಿನ ಎರಡೇ. ಕೊಡೆಯಡಿ ಒದ್ದೆಯಾಗದೆ ನಡೆದ ದಿನವನ್ನು ಯಾರು ನೆನಪಿಡುತ್ತಾರೆ?

ಎಲ್ಲರೂ ದಿನವೂ ಬರೆದಿಡಲು ಶುರು ಮಾಡಿದರು. ಮುಂಬಯಿಯ ಜುಲೈ ಈ ಕೆಲಸಕ್ಕೆ ತೀರ ಕೆಟ್ಟ ತಿಂಗಳು. ಆಗ ಎಲ್ಲರ ಚೀಲದಲ್ಲೂ ಕೊಡೆ ಇರುತ್ತದೆ, ಆದ್ದರಿಂದ ‘ಕೊಡೆ ಇಲ್ಲ’ ಎಂಬ ಸಾಲು ಹೆಚ್ಚುಕಡಿಮೆ ಖಾಲಿ, ಹೋಲಿಸಲು ಏನೂ ಸಿಗುವುದಿಲ್ಲ. ಮಳೆ ಬಿಟ್ಟು ಬಿಟ್ಟು ಬರುವ ಸೆಪ್ಟೆಂಬರ್ ಕೊನೆಯ ಲೆಕ್ಕವೇ ಉಪಯೋಗಕ್ಕೆ ಬಂದದ್ದು. ಅದರಲ್ಲಿ ಹುಡುಗಿಯ ಸಿದ್ಧಾಂತ ತಲೆಕೆಳಗಾಯಿತು: ಕೊಡೆ ಒಯ್ದ ದಿನಗಳಲ್ಲೇ ಮಳೆ ಹೆಚ್ಚು. ಹಾಗಾದರೆ ಕೊಡೆಯೇ ಮಳೆ ತರುತ್ತದೆಯೇ ಎಂದು ಕೆಣಕಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಮೋಡ ನೋಡಿಯೇ ಅಲ್ಲವೇ ಕೊಡೆ ತೆಗೆದುಕೊಳ್ಳುವುದು ಎಂದ. ನನಗೆ ಬೇಕಿದ್ದುದೇ ಆ ಮಾತು.

ಮೋಡದ ಪಾತ್ರವನ್ನು ಬೇರ್ಪಡಿಸಲು ಬೆಳಿಗ್ಗೆ ನಾಣ್ಯ ಚಿಮ್ಮಿ ಕೊಡೆ ಒಯ್ಯಬೇಕೋ ಬೇಡವೋ ತೀರ್ಮಾನಿಸಿ ಎಂದೆ. ನಿಜವಾದ ಪ್ರಯೋಗ ಅದೇ. ಒಬ್ಬರೂ ಒಪ್ಪಲಿಲ್ಲ, ತಾಯಂದಿರಂತೂ ಸುತರಾಂ ಇಲ್ಲ. ಕೊನೆಗೆ ಪಟ್ಟಿಗೆ ‘ಮನೆ ಬಿಡುವಾಗ ಮೋಡವಿತ್ತೇ’ ಎಂಬ ಇನ್ನೊಂದು ಕಾಲಂ ಸೇರಿಸಿದೆವು.