ಹೆಲ್ತ್ ಇನ್ಶೂರೆನ್ಸ್ ರೂಲ್ಸ್ ಬದಲಾಗಿದೆ: ಮನೆಯವರು ಈಗ ಏನೇನು ಮಾಡಬೇಕು

2024ರಿಂದ ಈಚೆಗೆ ನಮ್ಮ ದೇಶದಲ್ಲಿ ಆರೋಗ್ಯ ವಿಮೆಯ ನಿಯಮಗಳು ಸಾಕಷ್ಟು ಬದಲಾಗಿವೆ. ಹೆಚ್ಚಿನವು ನಮ್ಮ ಪರವಾಗಿಯೇ ಇವೆ. ಆದರೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಾಗ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು. ಏನು ಕೇಳಬೇಕು ಅನ್ನುವುದು ಮೊದಲೇ ಗೊತ್ತಿರಬೇಕು, ಯಾಕೆಂದರೆ ಒಳಗೆ ಅಪ್ಪನೋ ಅಮ್ಮನೋ ಮಲಗಿರುವಾಗ ಪಾಲಿಸಿ ಓದುತ್ತಾ ಕೂರಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಎಲ್ಲರೂ ಹುಷಾರಾಗಿರುವಾಗಲೇ ಒಂದು ಭಾನುವಾರ ರೇಷನ್ ಕಾರ್ಡ್, ಆಧಾರ್, ಪಾಲಿಸಿ ಪತ್ರ ಎಲ್ಲ ಮುಂದಿಟ್ಟುಕೊಂಡು ಕೂತುಬಿಡಿ.

ಮೊದಲು ರೇಷನ್ ಕಾರ್ಡ್

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಅದು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯ ಜೊತೆ ಸೇರಿಕೊಂಡು ನಡೆಯುತ್ತಿದೆ, ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೂ ಇದೆ, ಆದರೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರ) ಶೇ 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷ ಮಿತಿ. ‘ನಮ್ಮದು ಎಪಿಎಲ್ ಕಾರ್ಡ್, ನಮಗೇನೂ ಸಿಗಲ್ಲ’ ಅಂದುಕೊಂಡು ಸುಮ್ಮನಿರುವವರು ತುಂಬಾ ಜನ. ದೊಡ್ಡ ಆಪರೇಷನ್ ಎದುರಾದಾಗ ಆ ಶೇ 30 ಕೂಡ ಸಣ್ಣ ಮೊತ್ತವಲ್ಲ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಹೆಸರು. ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇದ್ದರೆ ಆಯುಷ್ಮಾನ್ ಕಾರ್ಡ್ ಮಾಡಿಸುವಾಗ ತೊಂದರೆ. ಮನೆಗೆ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ರೇಷನ್ ಕಾರ್ಡ್‌ಗೆ ಸೇರಿದೆಯಾ ನೋಡಿ. ಸೇರಿಲ್ಲ ಅಂದರೆ ಈಗಲೇ ಸೇರಿಸಿ. ಎರಡನೆಯದು, ರೆಫರಲ್. ಕರ್ನಾಟಕದಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿ ನೋಂದಣಿಯಾದ ಆಸ್ಪತ್ರೆಗೆ ಹೋಗಬೇಕು. ತುರ್ತು ಪರಿಸ್ಥಿತಿಗೆ ವಿನಾಯಿತಿ ಇದೆ. ಹೃದಯಾಘಾತವೋ ಅಪಘಾತವೋ ಆದಾಗ ರೆಫರಲ್ ಹುಡುಕಿಕೊಂಡು ಅಲೆಯಬೇಡಿ, ಹತ್ತಿರದ ನೋಂದಾಯಿತ ಆಸ್ಪತ್ರೆಗೆ ಹೋಗಿ, ಉಳಿದದ್ದನ್ನು ಅಲ್ಲಿರುವ ಆರೋಗ್ಯ ಮಿತ್ರ ಸಿಬ್ಬಂದಿ ನೋಡಿಕೊಳ್ಳುತ್ತಾರೆ.

ಕಾರ್ಡ್ ಅನ್ನು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಮಾಡಿಸಬಹುದು. ಆಯುಷ್ಮಾನ್ ಸಹಾಯವಾಣಿ 14555, ಇದನ್ನು ಮನೆಯ ಎಲ್ಲರ ಫೋನ್‌ನಲ್ಲೂ ಸೇವ್ ಮಾಡಿ. ಈ ಯೋಜನೆ ಅಡ್ಮಿಟ್ ಆಗುವ ಚಿಕಿತ್ಸೆಗೆ ಇರುವುದು. ಶೀತ ಜ್ವರಕ್ಕೆ ಡಾಕ್ಟರ್ ಹತ್ತಿರ ಹೋಗಿ ಬರುವ ಖರ್ಚಿಗೆ ಅಲ್ಲ.

ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಾಗಿದ್ದರೆ ಅವರಿಗಾಗಿಯೇ ಇರುವ ಯಶಸ್ವಿನಿ ಆರೋಗ್ಯ ಯೋಜನೆ ಬಗ್ಗೆ ಸಂಘದಲ್ಲೇ ವಿಚಾರಿಸಿ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕಟ್ ಆಗುತ್ತಿದ್ದರೆ ಆ ಸೌಲಭ್ಯ ಇಡೀ ಕುಟುಂಬಕ್ಕೆ ಸಿಗುತ್ತದೆ, ಅದನ್ನು ಬಿಟ್ಟು ಸಾಲ ಮಾಡಬೇಡಿ.

70 ದಾಟಿದವರು ಇದ್ದಾರಾ?

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ಅನ್ನು ವಿಸ್ತರಿಸಿತು. ಆದಾಯ ಎಷ್ಟೇ ಇರಲಿ. ವಯ ವಂದನಾ ಕಾರ್ಡ್ ಅಂತ ಅದರ ಹೆಸರು. ವಯಸ್ಸಿಗೆ ಆಧಾರ್ ಒಂದೇ ಸಾಕ್ಷಿ, ಹಾಗಾಗಿ ಅಜ್ಜಿಯ ಹುಟ್ಟಿದ ವರ್ಷ ಆಧಾರ್‌ನಲ್ಲಿ ತಪ್ಪಾಗಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ 5 ಲಕ್ಷ ಇಬ್ಬರಿಗೂ ಸೇರಿ. ಮೊದಲೇ ಆಯುಷ್ಮಾನ್‌ನಲ್ಲಿರುವ ಕುಟುಂಬವಾದರೆ ಹಿರಿಯರಿಗೆ ಅಂತಲೇ ಇನ್ನೊಂದು 5 ಲಕ್ಷ, ಅದನ್ನು ಮನೆಯ ಉಳಿದವರು ಬಳಸುವಂತಿಲ್ಲ. ಖಾಸಗಿ ಪಾಲಿಸಿ ಇದ್ದರೂ ಈ ಕಾರ್ಡ್ ಮಾಡಿಸಬಹುದು.

ಆದರೆ ಕಾರ್ಡ್ ಕೈಗೆ ಬಂತು ಅಂತ ಹಿರಿಯರ ಖಾಸಗಿ ಪಾಲಿಸಿಯನ್ನು ನಿಲ್ಲಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಯೋಜನೆ ಜಾರಿಯಾಗಿರುವ ರೀತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಎಲ್ಲ ಆಸ್ಪತ್ರೆಗಳೂ ನೋಂದಣಿಯಾಗಿಲ್ಲ. ನೀವು ನಿಜವಾಗಿ ಹೋಗುವ ಎರಡು ಮೂರು ಆಸ್ಪತ್ರೆಗಳಿಗೆ ಫೋನ್ ಮಾಡಿ ‘ವಯ ವಂದನಾ ಕಾರ್ಡ್ ತಗೋತೀರಾ, ಯಾವ ಯಾವ ಚಿಕಿತ್ಸೆಗೆ?’ ಅಂತ ನೇರವಾಗಿ ಕೇಳಿ. ಆಮೇಲೆ ನಿರ್ಧಾರ ಮಾಡಿ. ಒಮ್ಮೆ ಬಿಟ್ಟ ಪಾಲಿಸಿಯನ್ನು 72ನೇ ವಯಸ್ಸಿನಲ್ಲಿ ಮತ್ತೆ ತೆಗೆಯುವುದು ತುಂಬಾ ಕಷ್ಟ.

ಸ್ವಂತ ಪಾಲಿಸಿ ಇರುವವರು

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ ಮೇಲಿದ್ದ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ. ಫ್ಯಾಮಿಲಿ ಫ್ಲೋಟರ್‌ಗೂ, ಅಂದರೆ ಇಡೀ ಮನೆಗೆ ಒಂದೇ ವಿಮಾ ಮೊತ್ತ ಇರುವ ಪಾಲಿಸಿಗೂ, ಅನ್ವಯ. ರಿನ್ಯೂವಲ್ ನೋಟಿಸ್ ಬಂದಾಗ ಕಳೆದ ವರ್ಷದ ರಸೀದಿಯನ್ನು ಪಕ್ಕದಲ್ಲಿಟ್ಟು ನೋಡಿ. ಕಳೆದ ಸಲ ಪ್ರೀಮಿಯಂ 25,000, ತೆರಿಗೆ 4,500, ಒಟ್ಟು 29,500 ಕಟ್ಟಿದ್ದಿರಿ ಅಂದುಕೊಳ್ಳಿ. ಈ ಸಲ ನೋಟಿಸ್‌ನಲ್ಲಿ 29,000 ಅಂತ ಇದ್ದರೆ ‘ಪರವಾಗಿಲ್ಲ, 500 ಕಡಿಮೆಯಾಯ್ತು’ ಅನಿಸುತ್ತದೆ. ಅಸಲಿಗೆ ಪ್ರೀಮಿಯಂ ಶೇ 16 ಏರಿದೆ. ಯಾಕೆ ಏರಿತು ಅಂತ ಕಂಪನಿಗೆ ಇಮೇಲ್ ಮಾಡಿ ಕೇಳಿ. ಪಾಲಿಸಿಯಲ್ಲಿರುವವರು 60 ದಾಟಿದ್ದರೆ ಇನ್ನೂ ಒಂದು ರಕ್ಷಣೆ ಇದೆ: ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಿದ್ದರೆ ಕಂಪನಿ ಮೊದಲು ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಜೊತೆ ಮಾತಾಡಬೇಕು ಅಂತ 2025ರ ಜನವರಿಯಲ್ಲಿ ಆದೇಶವಾಗಿದೆ.

ಫ್ಲೋಟರ್‌ನಲ್ಲಿ ಪ್ರೀಮಿಯಂ ನಿಗದಿಯಾಗುವುದು ಸಾಮಾನ್ಯವಾಗಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಹಾಗಾಗಿ ಅಪ್ಪ ಅಮ್ಮನಿಗೆ ಬೇರೆ ಪಾಲಿಸಿ, ಗಂಡ ಹೆಂಡತಿ ಮಕ್ಕಳಿಗೆ ಬೇರೆ ಪಾಲಿಸಿ ಇರಲಿ. ‘65 ಆಯ್ತು, ಇನ್ನು ಕೊಡಲ್ಲ’ ಅಂತ ಏಜೆಂಟ್ ಹೇಳಿದರೆ ಅದು ಹಳೆಯ ಮಾತು. 2024ರ ಏಪ್ರಿಲ್‌ನಿಂದ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಡಬೇಕು. ಬೆಲೆ ಜಾಸ್ತಿ ಇರಬಹುದು, ಆರೋಗ್ಯ ನೋಡಿ ಅರ್ಜಿ ತಿರಸ್ಕರಿಸಲೂಬಹುದು. ಆದರೂ ಬರೀ ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ, ಇನ್ನೊಂದು ಕಡೆ ಕೇಳಿ.

ಕೆಲಸ ಮಾಡುವ ಕಂಪನಿ ಕೊಟ್ಟ ಗ್ರೂಪ್ ಪಾಲಿಸಿ ಒಂದನ್ನೇ ನಂಬಿಕೊಂಡಿದ್ದೀರಾ? ಕೆಲಸ ಹೋದ ದಿನ ಅದೂ ಹೋಗುತ್ತದೆ. ರಾಜೀನಾಮೆ ಕೊಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಎಚ್‌ಆರ್ ಹತ್ತಿರ ಕೇಳಿ.

ಬಿಪಿ, ಶುಗರ್ ಮುಚ್ಚಿಡಬೇಡಿ

ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿರುವುದು ಅಂದರೂ ಸರಿ. ಪಾಲಿಸಿ ಮಾಡಿಸುವಾಗ ಏಜೆಂಟ್ ಫಾರಂ ತುಂಬುತ್ತಾರೆ, ‘ಶುಗರ್ ಇದೆ ಅಂತ ಬರೆದರೆ ಪ್ರೀಮಿಯಂ ಜಾಸ್ತಿ ಆಗುತ್ತೆ ಸರ್, ಬಿಡಿ’ ಅನ್ನುತ್ತಾರೆ, ನಾವು ಸಹಿ ಹಾಕುತ್ತೇವೆ. ಎರಡು ವರ್ಷ ಬಿಟ್ಟು ಆಸ್ಪತ್ರೆಗೆ ಸೇರಿದಾಗ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ‘ಶುಗರ್ ಎಷ್ಟು ವರ್ಷದಿಂದ ಇದೆ?’ ‘ಹತ್ತು ವರ್ಷ ಆಯ್ತು ಡಾಕ್ಟ್ರೇ.’ ಅದು ಕೇಸ್ ಶೀಟ್‌ಗೆ ಹೋಗುತ್ತದೆ. ಕೇಸ್ ಶೀಟ್ ವಿಮಾ ಕಂಪನಿಗೆ ಹೋಗುತ್ತದೆ. ಕ್ಲೈಮ್ ರಿಜೆಕ್ಟ್.

ನಿಜ ಹೇಳುವುದರ ನಷ್ಟ ಈಗ ಮೊದಲಿಗಿಂತ ಕಡಿಮೆಯಾಗಿದೆ. ಮೊದಲೇ ಇದ್ದ ಕಾಯಿಲೆಗೆ ಕಂಪನಿ ಹಾಕಬಹುದಾದ ವೇಟಿಂಗ್ ಪೀರಿಯಡ್ (ಆ ಕಾಯಿಲೆಗೆ ಕ್ಲೈಮ್ ಸಿಗದ ಅವಧಿ) 48 ತಿಂಗಳಿತ್ತು, ಈಗ ಗರಿಷ್ಠ 36 ತಿಂಗಳು. ಇನ್ನೊಂದು, ಪಾಲಿಸಿ ಮಧ್ಯೆ ಎಲ್ಲೂ ಮುರಿಯದೆ 60 ತಿಂಗಳು ನಡೆದರೆ ಆಮೇಲೆ ‘ನೀವು ಆ ವಿಷಯ ಹೇಳಿರಲಿಲ್ಲ’ ಅಂತ ಕ್ಲೈಮ್ ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಬೇರೆ. ಮೊದಲು ಇದು 8 ವರ್ಷವಿತ್ತು. ಮಧ್ಯದಲ್ಲಿ ವಿಮಾ ಮೊತ್ತ ಏರಿಸಿದ್ದರೆ, ಏರಿಸಿದ ಭಾಗಕ್ಕೆ ಲೆಕ್ಕ ಅಲ್ಲಿಂದ ಹೊಸದಾಗಿ ಶುರು.

ಹಳೆಯ ಪಾಲಿಸಿಯಲ್ಲಿ ಏನೋ ಬಿಟ್ಟುಹೋಗಿದೆ ಅನಿಸಿದರೆ ಈಗಲೇ ಇಮೇಲ್‌ನಲ್ಲಿ ತಿಳಿಸಿ. ಹೊಸದಾಗಿ ಮಾಡಿಸುವವರು ಫಾರಂ ಅನ್ನು ತಾವೇ ತುಂಬಿ, ಪಾಲಿಸಿ ಬಂದ ಮೇಲೆ ಅದರ ಜೊತೆ ಬರುವ ಗ್ರಾಹಕ ಮಾಹಿತಿ ಪತ್ರ ಓದಿ. ಹಿಡಿಸದಿದ್ದರೆ ವಾಪಸ್ ಕೊಡಲು ಈಗ 30 ದಿನ ಸಮಯ ಇದೆ. ರಿನ್ಯೂವಲ್ ತಾರೀಕು ಮಾತ್ರ ಯಾವತ್ತೂ ಮರೆಯಬೇಡಿ, ಇಷ್ಟು ವರ್ಷ ಕಟ್ಟಿ ಗಳಿಸಿದ್ದೆಲ್ಲ ಅದೊಂದರ ಮೇಲೆ ನಿಂತಿದೆ.

ರೂಮ್ ಆರಿಸುವ ಮುಂಚೆ

ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದೆಯಾ ನೋಡಿ. 5 ಲಕ್ಷದ ಪಾಲಿಸಿ, ಮಿತಿ ಶೇ 1 ಅಂದರೆ ದಿನಕ್ಕೆ 5,000. ನೀವು 8,000ದ ರೂಮ್ ತೆಗೆದುಕೊಂಡು ನಾಲ್ಕು ದಿನ ಇದ್ದಿರಿ. ಕೈಯಿಂದ ಹೋಗುವುದು 12,000 ಅಷ್ಟೇ ಅಲ್ವಾ ಅಂದುಕೊಳ್ಳುತ್ತೀರಿ. ಆಗುವುದು ಬೇರೆ. ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ಅನಸ್ತೇಷಿಯಾ, ನರ್ಸಿಂಗ್ ಎಲ್ಲ ಸೇರಿ 1,60,000 ಆಗಿದ್ದರೆ ಕಂಪನಿ ಅದರಲ್ಲೂ ಎಂಟರಲ್ಲಿ ಐದು ಪಾಲು, ಅಂದರೆ 1,00,000 ಮಾತ್ರ ಕೊಡುತ್ತದೆ. ಉಳಿದ 60,000 ನಿಮ್ಮ ತಲೆ ಮೇಲೆ. ಒಟ್ಟು 72,000!

ಆದರೆ ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳು, ಐಸಿಯು, ಇವುಗಳ ಮೇಲೆ ಈ ಕಡಿತ ಹಾಕುವಂತಿಲ್ಲ. ರೂಮ್ ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಉಳಿದ ಖರ್ಚಿನ ಮೇಲೂ ಹಾಕುವಂತಿಲ್ಲ. ಬಿಲ್‌ನಲ್ಲಿ ಕಡಿತ ಕಂಡರೆ ಯಾವ ಯಾವ ಐಟಂ ಮೇಲೆ ಅಂತ ಪಟ್ಟಿ ಕೇಳಿ.

ಡಿಸ್ಚಾರ್ಜ್ ದಿನ

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ‘ಇವತ್ತು ಮನೆಗೆ ಹೋಗಬಹುದು’ ಅನ್ನುತ್ತಾರೆ. ಬ್ಯಾಗ್ ಕಟ್ಟಿ ಆಗುತ್ತದೆ. ಮಧ್ಯಾಹ್ನವಾಗುತ್ತದೆ, ಸಂಜೆಯಾಗುತ್ತದೆ, ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕೇಳಿದಾಗೆಲ್ಲ ‘ಅಪ್ರೂವಲ್ ಬಂದಿಲ್ಲ’ ಅಂತ ಒಂದೇ ಉತ್ತರ, ಅಷ್ಟರಲ್ಲಿ ಇನ್ನೊಂದು ದಿನದ ರೂಮ್ ಬಾಡಿಗೆ ಸೇರಿಕೊಳ್ಳುತ್ತದೆ. ಇದನ್ನು ತಡೆಯಲೆಂದೇ 2024ರ ಮೇ 29ರಂದು ಐಆರ್‌ಡಿಎಐ ಸುತ್ತೋಲೆ ಹೊರಡಿಸಿತು. ಸೇರುವಾಗ ಕ್ಯಾಶ್‌ಲೆಸ್ (ಬಿಲ್ ಅನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ) ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ. ಅದು ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಕಂಪನಿಯೇ ತನ್ನ ಷೇರುದಾರರ ನಿಧಿಯಿಂದ ಭರಿಸಬೇಕು.

ಮುಖ್ಯವಾದದ್ದು ಇಲ್ಲಿದೆ. ಆ ಮೂರು ಗಂಟೆ ಶುರುವಾಗುವುದು ಡಾಕ್ಟರ್ ಹೇಳಿದಾಗಿನಿಂದ ಅಲ್ಲ, ಆಸ್ಪತ್ರೆ ಕಳಿಸಿದ ಡಿಸ್ಚಾರ್ಜ್ ಕೋರಿಕೆ ಕಂಪನಿಗೆ ತಲುಪಿದಾಗಿನಿಂದ. ತುಂಬಾ ಸಲ ಫೈನಲ್ ಬಿಲ್ ಆಸ್ಪತ್ರೆಯಿಂದಲೇ ಹೊರಟಿರುವುದಿಲ್ಲ. ಹಾಗಾಗಿ ಡೆಸ್ಕ್‌ಗೆ ಹೋಗಿ ‘ಅಪ್ರೂವಲ್ ಬಂತಾ’ ಅಂತ ಕೇಳಬೇಡಿ, ‘ಫೈನಲ್ ಬಿಲ್ ಎಷ್ಟು ಗಂಟೆಗೆ ಕಳಿಸಿದ್ರಿ?’ ಅಂತ ಕೇಳಿ. ಕಳಿಸಿದ ಸಮಯ ಬರೆದುಕೊಳ್ಳಿ, ಆಗಿದ್ದರೆ ಸ್ಕ್ರೀನ್‌ನ ಫೋಟೊ ತೆಗೆಯಿರಿ. ಅದೇ ಹೊತ್ತಿಗೆ ಕಂಪನಿಯ ಸಹಾಯವಾಣಿಗೂ ಫೋನ್ ಮಾಡಿ ತಲುಪಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಹಿಂದಿನ ಸಂಜೆಯೇ ‘ನಾಳೆ ಡಿಸ್ಚಾರ್ಜ್ ಆಗಬಹುದಾ’ ಅಂತ ಡಾಕ್ಟರ್ ಹತ್ತಿರ ಕೇಳಿ ಬಿಲ್ ತಯಾರಿ ಶುರು ಮಾಡಿಸಿದರೆ ಅರ್ಧ ದಿನ ಉಳಿಯುತ್ತದೆ. ಒಂದು ವೇಳೆ ರೋಗಿ ತೀರಿಕೊಂಡರೆ ಕೋರಿಕೆಯನ್ನು ಕಂಪನಿ ತಕ್ಷಣ ಇತ್ಯರ್ಥ ಮಾಡಬೇಕು, ಶರೀರವನ್ನು ಮನೆಯವರಿಗೆ ಕೂಡಲೇ ಬಿಡಿಸಿಕೊಡಬೇಕು ಅಂತಲೂ ಅದೇ ಸುತ್ತೋಲೆಯಲ್ಲಿದೆ. ಇದು ಯಾರಿಗೂ ಬೇಕಾಗದಿರಲಿ, ಆದರೆ ಗೊತ್ತಿರಲಿ.

ರಿಜೆಕ್ಟ್ ಆದರೆ

ಫೋನ್‌ನಲ್ಲಿ ಹೇಳಿದ್ದನ್ನು ಒಪ್ಪಬೇಡಿ. ಕ್ಲೈಮ್ ನಿರಾಕರಿಸಬೇಕಾದರೆ ಕಂಪನಿಯೊಳಗಿನ ಪರಿಶೀಲನಾ ಸಮಿತಿ ಒಪ್ಪಿರಬೇಕು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರೆದು ಕೊಡಬೇಕು. ಆ ಪತ್ರ ಕೈಗೆ ಬರುವವರೆಗೂ ಕೇಳುತ್ತಲೇ ಇರಿ. ನಂತರ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ, ಫೋನ್ 155255.

30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್, ಅಂದರೆ ಗ್ರಾಹಕ ಮತ್ತು ಕಂಪನಿ ನಡುವಿನ ವಿವಾದ ಬಗೆಹರಿಸುವ ಅಧಿಕಾರಿ, ಹತ್ತಿರ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ. ಫೀಸು ಇಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ವಿವಾದ ಕೇಳುತ್ತಾರೆ, ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ತೀರ್ಪು ನಿಮ್ಮ ಪರ ಬಂದು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ದಂಡ ಕಟ್ಟಬೇಕು. ದೂರನ್ನು ಒಂದು ಪುಟದಲ್ಲಿ ತಾರೀಕಿನ ಪ್ರಕಾರ ಬರೆಯಿರಿ, ಪಾಲಿಸಿ, ನಿರಾಕರಣೆ ಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಲ್‌ಗಳು, ನೀವು ಕಳಿಸಿದ ಇಮೇಲ್‌ಗಳ ಪ್ರತಿ ಲಗತ್ತಿಸಿ. ಒರಿಜಿನಲ್ ಯಾವುದನ್ನೂ ಕೊಡಬೇಡಿ, ಜೆರಾಕ್ಸ್ ಸಾಕು.