ಮನೆಯವರಿಗೆ ಹಳೇ ಪಿಕ್ಚರ್ ಹಚ್ಚಿಕೊಡೋದು ಹೇಗೆ

ಹೋದ ದೀಪಾವಳಿಗೆ ಹುಬ್ಬಳ್ಳಿಯ ನಮ್ಮ ಮನೆ ತುಂಬಾ ನೆಂಟರು. ಊಟ ಆದಮೇಲೆ ‘ಘಟಶ್ರಾದ್ಧ’ ಹಚ್ಚಿದೆ. ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರ, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದದ್ದು. ನನಗಂತೂ ಪ್ರಾಣ. ಆದರೆ ಅರ್ಧ ತಾಸಿನಲ್ಲಿ ಮೂವರು ನಿದ್ದೆಹೋದರು. ಹೋಳಿಗೆ ಉಂಡು ಕೂತವರ ಮುಂದೆ ಅದನ್ನು ಇಡಬಾರದಿತ್ತು.

ಈಗ ಮೊದಲು ನೋಡುವವರು ಯಾರು ಅಂತ ಯೋಚಿಸುತ್ತೇನೆ, ಚಿತ್ರ ಆಮೇಲೆ.

ಅಪ್ಪನ ಊರು ಶಿಗ್ಗಾವಿ ಕಡೆ, ಸಂತಕವಿ ಶರೀಫರ ಶಿಶುನಾಳವೂ ಅಲ್ಲೇ ಹತ್ತಿರ. ‘ಆರ್ಟ್ ಪಿಕ್ಚರ್ ನಂಗ ಬ್ಯಾಡವಾ’ ಅಂತಿದ್ದರು. ಅವರಿಗೆ ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಹಚ್ಚಿಕೊಟ್ಟೆ. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ತತ್ವಪದ ಶುರುವಾಗಿದ್ದೇ ತಡ, ಅಪ್ಪನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು. ಭಜನೆ ಮೇಳದಲ್ಲಿ ಹಾಡಿ ಬೆಳೆದವರು. ಚಿತ್ರಕ್ಕೆ ಸಂಗೀತ ಕೊಟ್ಟ ಸಿ. ಅಶ್ವಥ್ ಅವರ ಧಾಟಿ ಬೇರೆ, ಅಪ್ಪನದು ಬೇರೆ. ‘ನಮ್ಮೂರಾಗ ಹಿಂಗ ಹಾಡಂಗಿಲ್ಲವಾ, ನಿಲ್ಲಿಸು’ ಅಂದು ತಾವೇ ಹಾಡಿ ತೋರಿಸಿದರು. ಮತ್ತೆ ಹಚ್ಚಿದೆ, ಮತ್ತೆ ನಿಲ್ಲಿಸಿದರು. ಚಿತ್ರ ಮುಗಿಯೋ ಹೊತ್ತಿಗೆ ನಡುರಾತ್ರಿ.

ಮುಂದಿನ ವಾರ ತಾವೇ ಕೇಳಿದರು. ‘ನಾಗಮಂಡಲ’ (1997) ಹಚ್ಚಿದೆ. ಅದರಲ್ಲಿರುವುದು ನಮ್ಮ ಕಡೆಯ ಮಾತೇ. ಮನೆಯ ಮಾತು ಕಿವಿಗೆ ಬಿದ್ದರೆ ಚಿತ್ರ ನಿಧಾನ ಅಂತ ಯಾರೂ ಏಳುವುದಿಲ್ಲ. ಹಿರಿಯರಿಗೆ ಶುರುಮಾಡುವುದಾದರೆ ಇಲ್ಲಿಂದಲೇ ಮಾಡಿ.

ಪಿಂಚಣಿಗೆ ಅಂತ ಕಚೇರಿ ಮೆಟ್ಟಿಲು ಸವೆಸಿದವರು ಮನೆಯಲ್ಲಿದ್ದರೆ ‘ತಬರನ ಕಥೆ’ (1986). ತೇಜಸ್ವಿಯವರ ಕಥೆ, ಚಾರುಹಾಸನ್ ತಬರ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ, ಪಿಂಚಣಿ ಬರುತ್ತಿಲ್ಲ. ಇಷ್ಟೇ ಹೇಳಿ, ಕೊನೆ ಹೇಳಬೇಡಿ. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾಲೇಜು ಹುಡುಗರಿಗೆ ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985). ಒಂದೂ ಹಾಡಿಲ್ಲ, ಬಿಗಿಯಾಗಿ ಓಡುತ್ತದೆ. ಆಮೇಲೆ ಜನರಿಂದಲೇ ದುಡ್ಡು ಕೂಡಿಸಿ ಮಾಡಿದ ‘ಲೂಸಿಯಾ’ (2013).

ನೆಟ್‌ನಲ್ಲಿ ಹುಡುಕುವಾಗ ಬರೀ ಚಿತ್ರದ ಹೆಸರು ಹಾಕಿದರೆ ಆಗದು. ‘ನಾಗಮಂಡಲ’ ಅಂದರೆ ಕರಾವಳಿಯ ನಾಗಾರಾಧನೆಯ ವಿಡಿಯೋ ಬರುತ್ತದೆ, ‘ಆಕ್ಸಿಡೆಂಟ್’ ಅಂದರೆ ಕೇಳಲೇಬೇಡಿ. ನಿರ್ದೇಶಕರ ಹೆಸರು, ವರ್ಷ ಸೇರಿಸಿ. ಎಷ್ಟು ತಾಸಿನದು ಅಂತಲೂ ನೋಡಿ, ಅರ್ಧಂಬರ್ಧ ಕತ್ತರಿಸಿ ಹಾಕಿದವು ಜಾಸ್ತಿ. ನಡುವೆ ಒಂದೆರಡು ಕಡೆ ಹಚ್ಚಿ ಮಾತು ಸರಿಯಾಗಿ ಕೇಳುತ್ತಾ ಅಂತ ನೀವೇ ಮೊದಲು ಪರೀಕ್ಷಿಸಿ. ಹಳೇ ಪ್ರಿಂಟಿನಲ್ಲಿ ಚಿತ್ರ ಮಸುಕಾದರೂ ನಡೆಯುತ್ತದೆ, ಮಾತು ಮಸುಕಾದರೆ ಹಿರಿಯರು ಎದ್ದು ಹೋಗುತ್ತಾರೆ. ನಾನು ಟಿವಿಗೆ ಒಂದು ಸಣ್ಣ ಸ್ಪೀಕರ್ ಜೋಡಿಸಿ ಅಪ್ಪನ ಕುರ್ಚಿ ಪಕ್ಕದಲ್ಲೇ ಇಟ್ಟಿದ್ದೇನೆ. ಕಪ್ಪು-ಬಿಳುಪಿನದಾದರೆ ದೀಪ ಆರಿಸಿ.

ಚಹಾ ಮೊದಲೇ ಮಾಡಿ ಥರ್ಮಾಸಿಗೆ ಹಾಕಿಡಿ. ಹಚ್ಚಿಕೊಟ್ಟು ಅಡುಗೆಮನೆಗೆ ಹೋಗಬೇಡಿ, ಜೊತೆಗೆ ಕೂತು ನೋಡಿ. ಅಪ್ಪ ಹಾಡು ನಿಲ್ಲಿಸು ಅಂದಾಗ ನಿಲ್ಲಿಸೋಕೆ ಯಾರಾದರೂ ಬೇಕಲ್ವಾ.